ಬೆಳಕವಾಡಿಗೆ ಹೋದ ಗಡಿಯಾರಗಳು

ಚಿಕ್ಕಬೋರಯ್ಯ ನಾಲ್ಕನೆಯ ಗಡಿಯಾರವನ್ನೂ ಕಿವಿಗೆ ಹಿಡಿದಾಗ ಜಲಾಲನಿಗೆ ಅನುಮಾನ ಬಂತು. ಒಬ್ಬ ರೈತನಿಗೆ ನಾಲ್ಕು ಅಲಾರಂ ಗಡಿಯಾರ ಯಾಕೆ?

ಕೇಳಲಿಲ್ಲ. ಕೇಳಿದ್ದಕ್ಕೆ ಗಿರಾಕಿ ಎದ್ದುಹೋದರೆ? ಮಳವಳ್ಳಿ ಪೇಟೆಯಲ್ಲಿ ತಂದೆ ಪೀರ್ ಪಾಷಾ ಇಪ್ಪತ್ತು ವರ್ಷ ಹಗ್ಗ, ಗುದ್ದಲಿ ಮಾರಿದ ಅಂಗಡಿ ಅದು. ಮೈಸೂರಿನಲ್ಲಿ ಓದಿ ಬಂದ ಜಲಾಲ್ ಅಲ್ಲೊಂದು ಗಾಜಿನ ಬೀರು ನಿಲ್ಲಿಸಿ, ಮೂವತ್ತು ಜಪಾನ್ ಗಡಿಯಾರ ತರಿಸಿದ್ದ.

"ಕೋಳಿ ಕೂಗಿದ್ರೆ ಏಳೋ ಜನಕ್ಕೆ ಗಡಿಯಾರ ಯಾಕಲಾ?" ಎಂದಿದ್ದರು ತಂದೆ. "ದೀಪಾವಳಿಗೆ ಖಾಲಿಯಾಗ್ಲಿಲ್ಲ ಅಂದ್ರೆ ಬೀರು ಆಚೆಗೆ, ಹಗ್ಗ ಒಳಕ್ಕೆ."

ಎರಡು ತಿಂಗಳು ಒಂದೂ ಹೋಗಲಿಲ್ಲ. ಈಗ ಹತ್ತು ದಿನದಿಂದ ಬೆಳಕವಾಡಿ ಊರಿನ ರೈತರದೇ ಸಾಲು.

"ಇನ್ನೂ ಜೋರಾಗಿ ಕೂಗೋದು ಐತಾ?" ಎಂದ ಚಿಕ್ಕಬೋರಯ್ಯ.

"ಇದೇ ಜೋರು ಬೋರಣ್ಣ. ಸತ್ತೋರೂ ಎದ್ದು ಕೂರ್ತಾರೆ."

"ಅಂಗಾದ್ರೆ ಒಂದ್ನ ಅತ್ಗಂಟೆಗೆ ತಿರುಗ್ಸು. ಒಂದ್ನ ಅನ್ನೆರಡ್ಕೆ. ಒಂದ್ನ ಎರಡ್ಕೆ, ಇನ್ನೊಂದ್ನ ನಾಕ್ಕೆ."

ಓಹೋ, ನಾಲೆ ನೀರಿನ ಸರದಿ! ಜಲಾಲನ ಮನಸ್ಸು ಅರಳಿತು. ನಾಲ್ಕನೆಯದಕ್ಕೆ ನಿಮಿಷದ ಮುಳ್ಳೇ ಇಲ್ಲವೆಂದು ನಿಜ ಹೇಳಿದ.

"ಕೂಗ್ತದಲ್ಲ, ಬುಡು," ಎಂದ ಚಿಕ್ಕಬೋರಯ್ಯ. ಒಂದೊಂದಕ್ಕೂ ಖಾಲಿ ಬಿಸ್ಕತ್ತಿನ ಡಬ್ಬ ಕೇಳಿ ಪಡೆದ. ಧೂಳು ಕೂರಬಾರದೆಂಬ ಎಚ್ಚರ, ಎಂದುಕೊಂಡ ಜಲಾಲ್.

ದೀಪಾವಳಿಗೆ ವಾರವಿರುವಾಗಲೇ ಮೂವತ್ತೂ ಮುಗಿದವು. ಪೀರ್ ಪಾಷಾ ಎದ್ದು ಬಂದರು. ಹೆಗಲ ವಸ್ತ್ರದಿಂದ ಬೀರುವಿನ ಗಾಜು ಒರೆಸಿದರು. ಅಷ್ಟು ವರ್ಷದಲ್ಲಿ ತಂದೆ ಬಾಯಿ ಬಿಟ್ಟೂ ತನ್ನೊಂದಿಗೆ ಇಷ್ಟು ಮಾತಾಡಿದ್ದೇ ಇಲ್ಲ ಎನಿಸಿತು ಮಗನಿಗೆ.

ಧೈರ್ಯ ಬಂತು. ತೊಗಲಿನ ಪಟ್ಟಿಯ ಕೈಗಡಿಯಾರ ತರಿಸಿದ. ಮೊದಲನೆಯದನ್ನು ಚಿಕ್ಕಬೋರಯ್ಯನ ಮುಂದೆಯೇ ಹಿಡಿದ.

"ಇದು ಅವಕ್ಕಿಂತ ಮೇಲಾ?"

"ಹತ್ತು ಪಾಲು ಮೇಲು ಅನ್ಕೋ."

"ಇಷ್ಟೇ ಇಷ್ಟೈತಲ್ಲ?"

"ಚಿಕ್ಕದಾದಷ್ಟೂ ಕೆಲಸ ಜಾಸ್ತಿ ಬೋರಣ್ಣ. ಇದೊಂದಿದ್ರೆ ಆ ನಾಕೂ ಬೇಡ."

"ಅಂಗಾದ್ರೆ ಆ ನಾಕ್ನೂ ನನ್ ತಮ್ಮಂಗೆ ಕೊಟ್ಬುಡ್ತೀನಿ." ಕೈಗೆ ಕಟ್ಟಿಕೊಳ್ಳದೆ ಡಬ್ಬದಲ್ಲಿಟ್ಟುಕೊಂಡು ಹೊರಟ.

ನಾಲ್ಕನೆಯ ದಿನ ಆ ಡಬ್ಬ ಪೀರ್ ಪಾಷಾರ ಮುಂದೆ ಧೊಪ್ಪೆಂದು ಬಿತ್ತು.

"ಏನ್ ಸಾಬ್ರೇ, ನಿಮ್ಮಗ ನನ್ನ ಮುಳುಗ್ಸ್‌ಬುಟ್ಟ!"

ಜಲಾಲ್ ಓಡಿಬಂದು ಡಬ್ಬ ತೆರೆದ. ತಂದೆಯ ಕಣ್ಣು ಆಗಲೇ ಗಾಜಿನ ಬೀರುವಿನ ಕಡೆ ತಿರುಗಿತ್ತು.

"ಯಾಕೆ ಬೋರಣ್ಣ, ನಿಂತೋಯ್ತಾ?" ಎಂದ ಜಲಾಲ್.

"ನಿಂತ್ರೇನು, ನಡುದ್ರೇನು! ಮೂರ್ ರಾತ್ರಿ ಗದ್ದೆ ಬದಿನ ಮ್ಯಾಲೆ ಡಬ್ಬದಲ್ಲೇ ಮಡಗಿದ್ರೂ ಒಂದ್ ಕಿತ ಕೂಗ್ನಿಲ್ಲ ಕಣಪ್ಪ, ಕಾಡಂದಿಗಳು ಎದರ್ದೆ ಅರ್ಧ ಕಬ್ಬು ತಿಂದಾಕ್ಬುಟ್ಟೋ. ಆ ಬಡ್ಕಳೋವ್ನೇ ಇನ್ನೂ ಐವತ್ತು ತರ್ಸಿ ಸಾಬ್ರೇ, ಇಡೀ ಊರ್ಗೇ ಬೇಕಂತೆ!"