ರೇಷ್ಮೆ ಸೀರೆಯ ಹೆಂಗಸು

ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಸಿದ ಮೇಲೆ ಪಾಸ್‌ವರ್ಡಿನ ಕಾಟ ತಪ್ಪಿತ್ತು. ಮನೆಯವರನ್ನು ಕಂಪ್ಯೂಟರೇ ಮೂಸಿ ಗುರುತು ಹಿಡಿಯುತ್ತಿತ್ತು. ಇವತ್ತು ಮಾತ್ರ ವಿಶಾಲಾಕ್ಷಿ ಎದುರು ಕೂತರೂ ಅದು ಬಾಗಿಲು ತೆರೆಯಲೊಲ್ಲದು.

"ಈ ವಾಸನೆಯವರು ಈ ಮನೇಲಿ ಯಾರೂ ಇಲ್ಲ," ಎಂದಿತು.

ಇನ್ನು ಸ್ವಲ್ಪ ಹೊತ್ತಿಗೆ ಅವಳ ಖಾತೆಗೇ ಕರೆ ಬರುವುದಿತ್ತು. ರೇಡಿಯೊದವರು ಅವಳ ಹಾಡಿನ ಪರೀಕ್ಷೆ ಮಾಡುವವರಿದ್ದರು. ಐವತ್ತು ದಾಟಿದ ಮೇಲೆ ಮೊದಲ ಸಲ ಹೊರಗಿನವರು ಅವಳ ಹಾಡು ಕೇಳುವುದು. ಗಂಡ ನಂಜುಂಡಸ್ವಾಮಿ ಪ್ಲಗ್ ಕಿತ್ತು ಮತ್ತೆ ಹಾಕಿದ, ಅದರ ಮೂಗಿನ ಜಾಲರಿಯ ಧೂಳು ಊದಿದ. ಏನೂ ಪ್ರಯೋಜನವಾಗಲಿಲ್ಲ.

"ರೀ, ನಾನು ಏನ್ ವಾಸನೆ ಬರ್ತಿದೀನಿ ನೋಡಿ."

ಅವನು ಬಗ್ಗಿ ಮೂಸಿದ. "ನುಸಿಗುಳಿಗೆ. ಬೀರುನೇ ಎದ್ದು ಬಂದ ಹಾಗಿದೆ."

ಮದುವೆಯ ರೇಷ್ಮೆ ಸೀರೆ! ಅದನ್ನುಟ್ಟ ಸಂಭ್ರಮದಲ್ಲಿ ಬೆಳಿಗ್ಗೆಯಿಂದ ಅವಳು ಅಡುಗೆಮನೆಗೆ ಕಾಲಿಟ್ಟಿರಲಿಲ್ಲ, ತಿಂಡಿಯೂ ಹೋಟೆಲಿನದೇ. ಥಟ್ಟನೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆ ಹಚ್ಚಿದಳು. ಎಣ್ಣೆ, ಸಾಸಿವೆ, ಕರಿಬೇವು, ಒಂದು ಚಿಟಿಕೆ ಇಂಗು. ಚಟಪಟ ಸಿಡಿಯುತ್ತಿದ್ದ ಒಗ್ಗರಣೆ ಸೌಟನ್ನು ಹಿಡಿದುಕೊಂಡೇ ಓಡಿ ಬಂದಳು.

ಪರದೆ ಬೆಳಗಿತು.

"ಬಂದ್ರಾ ವಿಶಾಲಕ್ಕ? ಈಗ ಯಾರೋ ಒಬ್ರು ಬಂದಿದ್ರು. ಹಾಡೋರಂತೆ. ನಿಮ್ಮ ಹೆಸರೇ ಹೇಳಿದ್ರು, ನಾನು ಒಳಗೆ ಬಿಡ್ಲಿಲ್ಲ."

ವಿಶಾಲಾಕ್ಷಿ ಸೌಟನ್ನು ಗಂಡನ ಕೈಗೆ ಕೊಟ್ಟು, ಸೆರಗು ಬಿಡಿಸಿ ಹೆಗಲ ಮೇಲೆ ಹರಡಿಕೊಂಡಳು.

"ಅವರನ್ನೂ ಗುರುತಿಟ್ಕೋ," ಎಂದಳು. "ಇನ್ಮೇಲೆ ಅವರೂ ಈ ಮನೆಯವರೇ."