ಬೆರಳಚ್ಚು

ತರಬೇತಿ ಕೊಡಲು ಬಂದಾಕೆ ನೀಲಿ ದೀಪವನ್ನು ನೆಲ ಒರೆಸುವ ಕೋಲಿನ ಮೇಲೆ ಹಾಯಿಸಿದಾಗ ಕೆರ್ಟು ಬಗ್ಗಿ ನೋಡಿದಳು. ಆಸ್ಪತ್ರೆಯ ಕಾಫಿ ಕೋಣೆಯಲ್ಲಿ, ಏಲಕ್ಕಿ ಬನ್ನಿನ ತಟ್ಟೆಯ ಮೇಲೆ ಕ್ಯಾನ್ಸರ್ ಔಷಧದ ಅಂಶ ಸಿಕ್ಕಿ ವಾರವಾಗಿತ್ತು. ಅಂಟಿಸಿದವನು ಸಫಾಯಿ ಕೆಲಸದ ಓಟ್ಸೊ ಎಂದೇ ಮೂವತ್ತು ವರ್ಷದಿಂದ ನರ್ಸಾಗಿರುವ ಕೆರ್ಟುವಿನ ಗುಮಾನಿ. ಯಾರಿಂದ ಹರಡಿತೆಂದು ತಿಳಿಯಲು ಇವತ್ತು ಔಷಧದ ಬದಲು ಬರಿಗಣ್ಣಿಗೆ ಕಾಣದ ಬಣ್ಣದ ನೀರು ಕೊಟ್ಟು ಎಲ್ಲರಿಂದ ಕೆಲಸ ಮಾಡಿಸಿದ್ದರು. ಅದು ತಾಕಿದ್ದೆಲ್ಲ ಈ ದೀಪಕ್ಕೆ ಹೊಳೆಯಬೇಕು.

ಓಟ್ಸೊನ ಕೋಲು ಹೊಳೆಯಲಿಲ್ಲ.

"ಹಿಡಿಕೆ ಹತ್ರ ಸರಿಯಾಗಿ ನೋಡಿ," ಎಂದಳು ಕೆರ್ಟು.

"ನನ್ನ ಮೂಗನ್ನೂ ನೋಡಿಸ್ಬಿಡು ಮಾರಾಯ್ತಿ," ಎಂದ ಓಟ್ಸೊ.

ಕೆರ್ಟುವಿನ ಕೈಯೂ ಹೊಳೆಯಲಿಲ್ಲ. "ಎರಡೆರಡು ಗ್ಲೌಸ್ ಹಾಕ್ತೀನಪ್ಪ, ನಿನ್ನ ಹಾಗಲ್ಲ," ಎಂದಳು ಓಟ್ಸೊಗೆ.

ಬಾಗಿಲಲ್ಲಿ ಪಿಹ್ಲಾ ನಗುತ್ತಿದ್ದಳು. ಆರು ತಿಂಗಳ ಬಸುರಿಯಾದ ಈ ನರ್ಸನ್ನು, ಮಗುವಿಗೆ ಅಪಾಯವೆಂದು, ಔಷಧದ ಹತ್ತಿರವೇ ಬಿಡುತ್ತಿರಲಿಲ್ಲ. "ನನ್ನನ್ನೂ ನೋಡಿ, ಸುಮ್ನೆ ತಮಾಷೆಗೆ," ಎಂದು ಮುಂದೆ ಬಂದಳು.

ದೀಪ ಅವಳ ಹೊಟ್ಟೆಯ ಮೇಲೆ ನಿಂತಿತು. ಬಿಳಿ ಅಂಗಿಯ ಮೇಲೆ ಐದು ಬೆರಳುಗಳು ಹಳದಿಯಾಗಿ ಹೊಳೆದವು.

"ಬೆಳಿಗ್ಗೆ ಗ್ಲೌಸ್ ತೆಗೀದೆ ತಟ್ಟಿದ್ಯಲ್ಲ ಕೆರ್ಟು, ದಿನಾ ತಟ್ಟೋ ಹಾಗೆ..." ನಗುತ್ತಲೇ ಶುರುಮಾಡಿದ ಮಾತು ಮುಗಿಯುವಷ್ಟರಲ್ಲಿ ಪಿಹ್ಲಾ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು ಕೆರ್ಟುವಿನಿಂದ ಒಂದು ಹೆಜ್ಜೆ ಹಿಂದೆ ಸರಿದಿದ್ದಳು.