ಎಡಗಣ್ಣಿನ ಐದನೆಯ ಗೆರೆ

"ಇನ್ನೊಂದು ಸಲ ಎಣಿಸಿ," ಅಂದಳು ಅವಳು.

ಗಂಡ ಗಡಿಯಾರ ರಿಪೇರಿ ಮಾಡುವವನು. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆಯದೆಯೇ ಹೆಂಡತಿಯ ಮುಖವನ್ನು ಬೆಳಕಿಗೆ ತಿರುಗಿಸಿಕೊಂಡ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಆ ಮುಖವನ್ನು ಇಷ್ಟು ಗಮನವಿಟ್ಟು ನೋಡಿದ್ದು ಇದೇ ಮೊದಲು.

"ಬಲಗಣ್ಣಿನ ಪಕ್ಕ ಐದು. ಎಡಗಣ್ಣಿನ ಪಕ್ಕ ನಾಲ್ಕು."

"ಐದಿತ್ತು ರೀ."

"ಈಗ ನಾಲ್ಕೇ ಇರೋದು. ನಾನೇನು ತಿಂದ್ಕೊಂಡ್ನಾ?"

ಒಂದು ಸುಕ್ಕು ಮಾಯವಾಗಿತ್ತು. ಐವತ್ತನಾಲ್ಕರ ಬೇರೆ ಯಾವ ಹೆಂಗಸಾದರೂ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸುತ್ತಿದ್ದಳು. ಇವಳು ಕುರ್ಚಿ ಎಳೆದುಕೊಂಡು ಯೋಚನೆಗೆ ಕೂತಳು. ಸುಕ್ಕು ಹೋಯಿತು, ಸರಿ. ಯಾವುದರಿಂದ ಹೋಯಿತು?

ಕಪಾಟಿನಲ್ಲಿ ಹತ್ತು ಡಬ್ಬಿಗಳಿದ್ದವು. ಒಂದರಲ್ಲಿ ಬಸವನಹುಳುವಿನ ಲೋಳೆ, ಇನ್ನೊಂದರಲ್ಲಿ ಚಿನ್ನದ ಪುಡಿ, ಮತ್ತೊಂದರಲ್ಲಿ ಸಮುದ್ರದ ತಳದ ಮಣ್ಣು. ಮೂರಕ್ಕೂ ಒಂದೇ ವಾಸನೆ. ಏಳು ದಿನದಲ್ಲಿ ಏಳು ವರ್ಷ ಹಿಂದಕ್ಕೆ ಕರೆದೊಯ್ಯುತ್ತೇನೆಂದು ಪ್ರತಿಯೊಂದೂ ಮೈಮೇಲೆ ಬರೆದುಕೊಂಡಿತ್ತು. ಎಲ್ಲವೂ ಸ್ಟುಡಿಯೋದವರು ಬಿಟ್ಟಿ ಕೊಟ್ಟವು. ಅಲ್ಲಿ ಅವಳದು ಕ್ಯಾಮೆರಾ ಮುಂದೆ ಕೂರುವ ಕೆಲಸ. ಹೋದಾಗಲೆಲ್ಲ ಒಂದು ಡಬ್ಬಿ ಕೈಗಿಟ್ಟು ಕಳಿಸುತ್ತಿದ್ದರು. ಅವಳದು ಒಣ ಚರ್ಮ. ಹನ್ನೆರಡು ವರ್ಷದಿಂದ ಕೈಗೆ ಸಿಕ್ಕಿದ್ದನ್ನು ಹಚ್ಚಿಕೊಂಡಿದ್ದಳು. ಯಾವುದೂ ಏನೂ ಮಾಡಿರಲಿಲ್ಲ. ಆ ವಿಷಯದಲ್ಲಿ ಅವುಗಳನ್ನು ಕಣ್ಣುಮುಚ್ಚಿ ನಂಬಬಹುದಿತ್ತು.

ಈಗ ಹತ್ತರಲ್ಲಿ ಯಾವುದೋ ಒಂದು ಕೊಟ್ಟ ಮಾತು ಉಳಿಸಿಕೊಂಡುಬಿಟ್ಟಿತ್ತು.

ಮುಂದಿನ ತಿಂಗಳ ಐದಕ್ಕೆ ಹೊಸ ಫೋಟೊ. ಅವಳ ಜಾಗಕ್ಕೆ ಇನ್ನೊಬ್ಬಳು ಕಾದು ಕೂತಿದ್ದಳು. ಮೂವತ್ತು ವರ್ಷ ಬಯಲು ಕೊಳದಲ್ಲಿ ಮಕ್ಕಳಿಗೆ ಈಜು ಕಲಿಸಿದವಳು. ಆ ಮುಖದಲ್ಲಿ ಏನೋ ಇದೆ ಎಂದು ಫೋಟೊಗ್ರಾಫರ್ ಆಗಲೇ ಹೊಗಳಿದ್ದ. ಎಡಬಲ ಒಂದಕ್ಕೊಂದು ತಾಳೆಯಾಗದ ಮುಖವನ್ನು ಅವನು ಒಪ್ಪುವವನಲ್ಲ. ಐದರೊಳಗೆ ಆ ಕ್ರೀಮ್ ಪತ್ತೆಯಾಗದಿದ್ದರೆ ಹನ್ನೆರಡು ವರ್ಷದ ಕುರ್ಚಿ ಈಜು ಟೀಚರ್ ಪಾಲು.

ಗೊಂದಲ ಬೇಡವೆಂದು ಅವಳು ತನ್ನ ಮುಖಕ್ಕೆ ಹಚ್ಚುವುದನ್ನೇ ನಿಲ್ಲಿಸಿದಳು. ಪರೀಕ್ಷೆಗೆ ಗಂಡನ ಹಣೆ ಇತ್ತು. ದಿನವಿಡೀ ಒಂದು ಕಣ್ಣು ಕಿರಿದು ಮಾಡಿ ಕೂರುವವನ ಹಣೆಯಲ್ಲಿ ಗೆರೆಗಳಿಗೇನು ಬರ? ಪೆನ್ನಿನಿಂದ ಹತ್ತು ಮನೆ ಬರೆದು, ಮನೆಗೊಂದು ಕ್ರೀಮ್ ಬಳಿದಳು.

"ಗಿರಾಕಿಗಳು ನಗ್ತಾರೆ ಕಣೇ."

"ನಗಲಿ. ನಕ್ಕಷ್ಟೂ ಅವರಿಗೇ ಸುಕ್ಕು."

ಪಕ್ಕದ ಬೀದಿಯ ತಂಗಿ ದಿನಕ್ಕೆರಡು ಸಲ ಬಂದು ಭಾವನ ಹಣೆ ನೋಡಿಕೊಂಡು ಹೋಗತೊಡಗಿದಳು.

"ಅಕ್ಕ, ಗೊತ್ತಾದ ಮೇಲೆ ಬಚ್ಚಿಟ್ಕೋಬೇಡ."

"ನಿನಗೇ ಕೊಡ್ತೀನಿ, ತಗೋ."

"ಈಗ ಹಾಗಂತೀಯ. ಸಿಕ್ಕಿದ ದಿನ ಬಾಗಿಲು ತೆಗೀತೀಯೋ ಇಲ್ವೋ."

ಮೂರು ವಾರ ಕಳೆಯಿತು. ಗಂಡನ ಹಣೆಯ ಹತ್ತು ಮನೆಯಲ್ಲೂ ಯಾರೂ ಮನೆ ಖಾಲಿ ಮಾಡಿರಲಿಲ್ಲ. ಒಂದು ಗೆರೆಯೂ ಕದಲಿರಲಿಲ್ಲ. ಆದರೆ ಏನನ್ನೂ ಹಚ್ಚದ ಅವಳ ಎಡಗಣ್ಣಿನ ಪಕ್ಕ ಮತ್ತೊಂದು ಕಾಣೆಯಾಗಿತ್ತು.

"ಮೂರೇ," ಎಂದ ಗಂಡ. "ಹೀಗೇ ಹೋದ್ರೆ ನೀನು ನನ್ನ ಮಗಳ ಥರ ಕಾಣ್ತೀಯ."

ಅವಳಿಗೆ ಅವತ್ತು ಊಟ ಸೇರಲಿಲ್ಲ. ಪಾತ್ರೆ ತೊಳೆದಿಟ್ಟು ಹೋಗಿ ಮಲಗಿದಳು. ಎಚ್ಚರವಾದಾಗ ಮಧ್ಯಾಹ್ನ ಮೂರು ಗಂಟೆ. ಎಂದಿನಂತೆ ಎಡಮಗ್ಗುಲು, ಎಡಗೆನ್ನೆಯ ಕೆಳಗೆ ಅಂಗೈ. ಅಂಗೈ ತೆಗೆದಾಗ ಕೆನ್ನೆ ಕಣ್ಣಂಚಿನವರೆಗೂ ಜಿಡ್ಡುಜಿಡ್ಡಾಗಿತ್ತು.

ಎದ್ದು ಅಡುಗೆಮನೆಗೆ ಓಡಿದಳು. ತೊಟ್ಟಿಯ ಪಕ್ಕ ಒಂದು ಬಿಳೀ ಟ್ಯೂಬು. ಗಡಿಯಾರದ ಹಲ್ಲುಚಕ್ರಗಳನ್ನು ಪೆಟ್ರೋಲಿನಲ್ಲಿ ತೊಳೆದು ತೊಳೆದು ಬಿರುಕುಬಿಟ್ಟ ಬೆರಳಿಗೆಂದು ಗಂಡ ಔಷಧಿ ಅಂಗಡಿಯಿಂದ ತಂದದ್ದು. ಎರಡು ತಿಂಗಳಿಂದ, ಪಾತ್ರೆ ತೊಳೆದ ಮೇಲೆ ಅವಳೂ ಅಂಗೈಗೆ ಸವರಿಕೊಂಡು ಹೋಗಿ ಮಲಗುತ್ತಿದ್ದಳು. ಅದರ ಮೇಲೆ ಬಸವನಹುಳುವಿರಲಿಲ್ಲ, ಚಿನ್ನವಿರಲಿಲ್ಲ, ಯಾರ ಮುಖವೂ ಇರಲಿಲ್ಲ.

ಗಂಡನ ಕೈ ಎಳೆದು ನೋಡಿದಳು. ಬೆರಳುಗಳು ಹಸುಗೂಸಿನ ಬೆರಳಿನ ಹಾಗಿದ್ದವು. ಹಣೆಯನ್ನೇ ನೋಡುತ್ತ ಕೂತು, ಮೂರು ವಾರ ಇಬ್ಬರೂ ಕೈ ನೋಡಿರಲಿಲ್ಲ.

ಸಂಜೆಯೊಳಗೆ ಟ್ಯೂಬು ತಂಗಿಯ ಮನೆಯಲ್ಲಿತ್ತು.

"ಸ್ವಲ್ಪಾನೂ ಇಟ್ಕೊಳ್ಳಲ್ವಾ?" ತಂಗಿಗೆ ನಂಬಿಕೆಯೇ ಬರಲಿಲ್ಲ.

"ಒಂದು ಚೂರೂ ಬೇಡ. ನಿನ್ನ ಭಾವನ ಬೆರಳಿಗೆ ಕೊಬ್ಬರಿ ಎಣ್ಣೆ ಸಾಕು."

ಅಕ್ಕನ ಮನಸ್ಸು ಎಷ್ಟು ದೊಡ್ಡದು ಎಂದು ತಂಗಿ ಬೀದಿಗೆಲ್ಲ ಹೇಳಿಕೊಂಡು ಬಂದಳು. ಅಕ್ಕ ಉಳಿದ ಎಂಟು ದಿನ ಮಹಡಿಯ ಮೇಲೆ ಕೂತು ಬಿಸಿಲು ಕಾಯಿಸಿಕೊಂಡಳು. ಎಡಗಡೆ ಮಾತ್ರ.

ಐದನೆಯ ತಾರೀಕು ಫೋಟೊಗ್ರಾಫರ್ ದೀಪ ಹತ್ತಿರ ಸರಿಸಿ ಅವಳ ಮುಖವನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದ.

"ಕುರ್ಚಿ ನಿಮ್ಮದೇ ಮೇಡಂ. ಈಜು ಟೀಚರ್‌ಗೆ ಇನ್ನೊಂದು ವರ್ಷ ಕಾಯೋಕೆ ಹೇಳ್ತೀನಿ." ಎಂದಿನಂತೆ ಹೊಸ ಡಬ್ಬಿಯೊಂದನ್ನು ಕೈಗಿಟ್ಟ.

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದು ನಿಜವಾಗಿ ಕೆಲಸ ಮಾಡುತ್ತಾ?"

"ಮಾಡೋ ಹಾಗಿದ್ರೆ ಇಬ್ಬರನ್ನ ಯಾಕೆ ಕರೀತಿದ್ವಿ?"

ಅವಳು ನೆಮ್ಮದಿಯಿಂದ ‘ಬಳಸುವ ಮೊದಲು’ ಎಂಬ ಹಲಗೆಯ ಕೆಳಗೆ ಹೋಗಿ ಕೂತಳು. ‘ಬಳಸಿದ ನಂತರ’ದ ಕೆಳಗೆ ಇಪ್ಪತ್ತೆರಡರ ಹುಡುಗಿಯೊಬ್ಬಳು ಆಗಲೇ ನಗಲು ಶುರುಮಾಡಿದ್ದಳು.